ಫುಟ್‌ಸ್ಟೆಪ್ ಇದ್ದರೆ ರಾಕ್ ಸ್ಲೈಡರ್ ಬೇಡವೇ? ಮನೆಯಲ್ಲೇ ಅಳವಡಿಸುವ ಮುನ್ನ ಇದನ್ನು ಓದಿ

ಥಾರ್, ಜಿಮ್ನಿಯಂಥ ಗಾಡಿ ಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದಿಷ್ಟು ಮಾತುಗಳು ಸದಾ ಓಡಾಡುತ್ತಿರುತ್ತವೆ. 'ಫುಟ್‌ಸ್ಟೆಪ್ ಇದ್ದರೆ ಸಾಕು', 'ನಾಲ್ಕು ಬೋಲ್ಟ್ ಬಿಗಿದರೆ ಕೆಲಸ ಮುಗೀತು', 'ವೆಲ್ಡಿಂಗ್ ಹೊಗೆಗೆ ಹಾಲೇ ಮದ್ದು'. ಇವುಗಳಲ್ಲಿ ನಿಜವೆಷ್ಟು?

ರಾಕ್ ಸ್ಲೈಡರ್ ಎಂದರೇನು?

ಬಾಗಿಲುಗಳ ಕೆಳಗೆ ಗಾಡಿಯ ಉದ್ದಕ್ಕೂ ಕೂರುವ ದಪ್ಪ ಉಕ್ಕಿನ ಕೊಳವೆ ಇದು. ಗಾಡಿ ಬಂಡೆಯ ಮೇಲೆ ಕುಳಿತುಬಿಟ್ಟರೆ ಭಾರವನ್ನು ಹೊತ್ತು, ಬಂಡೆಯ ಮೇಲೆ ಜಾರಿಕೊಂಡು ಹೋಗಲು ಬಿಡುತ್ತದೆ. ಇದಿಲ್ಲದಿದ್ದರೆ ಪೆಟ್ಟು ಬಾಗಿಲ ಕೆಳಗಿನ ತಗಡಿಗೆ ಬೀಳುತ್ತದೆ. ಅದು ಹೆಚ್ಚು ನಜ್ಜುಗುಜ್ಜಾದರೆ ಬಾಗಿಲು ಸರಿಯಾಗಿ ಮುಚ್ಚುವುದೂ ಕಷ್ಟ.

ಫುಟ್‌ಸ್ಟೆಪ್ ಈ ಕೆಲಸ ಮಾಡುವುದಿಲ್ಲವೇ?

ಇಲ್ಲ. ಫುಟ್‌ಸ್ಟೆಪ್ ಒಬ್ಬ ಮನುಷ್ಯನ ತೂಕ ತಡೆದರೆ ಸಾಕು. ಸ್ಲೈಡರ್ ಗಾಡಿಯ ತೂಕದ ದೊಡ್ಡ ಪಾಲನ್ನೇ ಹೊರಬೇಕು. ಐದು ಬಾಗಿಲಿನ ಜಿಮ್ನಿಯೇ ಸುಮಾರು 1,200 ಕೆ.ಜಿ. ತೂಗುತ್ತದೆ, ಥಾರ್ ಇನ್ನೂ ಭಾರ. ಬಂಡೆಗೆ ಬಡಿದ ಫುಟ್‌ಸ್ಟೆಪ್ ಮೇಲಕ್ಕೆ ಮಡಚಿಕೊಂಡು ಬಾಗಿಲಿಗೇ ಚುಚ್ಚಬಹುದು.

ಎಲ್ಲ ಎಸ್‌ಯುವಿಗೂ ಹಾಕಬಹುದೇ?

ಥಾರ್, ಜಿಮ್ನಿಗಳ ಬಾಡಿ ಏಣಿಯಾಕಾರದ ಉಕ್ಕಿನ ಚಾಸಿ ಮೇಲೆ ಕೂತಿರುತ್ತದೆ. ಸ್ಲೈಡರ್ ಬಿಗಿಯಬೇಕಾದದ್ದು ಈ ಚಾಸಿಗೆ, ಬಾಡಿಯ ತಗಡಿಗಲ್ಲ. ಕ್ರೆಟಾದಂಥ ಗಾಡಿಗಳಿಗೆ ಪ್ರತ್ಯೇಕ ಚಾಸಿಯೇ ಇಲ್ಲ. ಅವುಗಳ ತಗಡಿಗೆ ಬಿಗಿದ ಕೊಳವೆ ನೋಡಲು ಸ್ಲೈಡರ್‌ನಂತಿದ್ದರೂ ಪೆಟ್ಟನ್ನು ತಗಡಿಗೇ ದಾಟಿಸುತ್ತದೆ.

ಮನೆಯಲ್ಲೇ ಅಳವಡಿಸಬಹುದೇ?

ನಿಮ್ಮ ಮಾಡೆಲ್‌ಗೆಂದೇ ಮಾಡಿದ, ಚಾಸಿಯಲ್ಲಿ ಈಗಾಗಲೇ ಇರುವ ರಂಧ್ರಗಳಿಗೆ ಬೋಲ್ಟ್ ಮಾಡುವ ಕಿಟ್ ಆದರೆ ಇಬ್ಬರು ಸೇರಿ ಮಾಡಬಹುದು.

1. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಗಾಡಿ ನಿಲ್ಲಿಸಿ. ಗೇರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡಿ.

2. ಸಾಧ್ಯವಾದರೆ ಗಾಡಿ ಎತ್ತಲೇಬೇಡಿ. ಥಾರ್‌ಗೆ 226 ಮಿ.ಮೀ., ಜಿಮ್ನಿಗೆ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇದೆ. ಪಕ್ಕದಿಂದಲೇ ಬಹುಪಾಲು ಬೋಲ್ಟ್‌ಗಳಿಗೆ ಕೈ ತಾಗುತ್ತದೆ.

3. ಹಳೆಯ ಫುಟ್‌ಸ್ಟೆಪ್‌ನ ಬೋಲ್ಟ್ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

4. ಸ್ಲೈಡರ್ ಭಾರವಾಗಿರುತ್ತದೆ. ಒಬ್ಬರು ಹಿಡಿದಿರಲಿ, ಇನ್ನೊಬ್ಬರು ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಸಡಿಲವಾಗಿ ಹಾಕಲಿ. ಒಂದನ್ನೇ ಪೂರ್ತಿ ಬಿಗಿದರೆ ಕೊನೆಯ ರಂಧ್ರ ಕೂಡುವುದಿಲ್ಲ.

5. ಬ್ರೇಕ್ ಪೈಪ್, ಇಂಧನದ ಪೈಪ್, ವೈರ್ ಯಾವುದೂ ಬ್ರಾಕೆಟ್ ನಡುವೆ ಸಿಕ್ಕಿಕೊಂಡಿಲ್ಲ ಎಂದು ನೋಡಿ. ಆಮೇಲೆ ಕಿಟ್ ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ.

6. ಸ್ಲೈಡರ್ ಮತ್ತು ಬಾಡಿ ನಡುವೆ ಬೆರಳು ಹೋಗುವಷ್ಟು ಜಾಗ ಇರಲಿ. ಬಾಡಿ ರಬ್ಬರ್ ಬುಷ್‌ಗಳ ಮೇಲೆ ಕೂತಿರುವುದರಿಂದ ಓಡುವಾಗ ಅಲುಗಾಡುತ್ತದೆ. ತಾಗಿದರೆ ಬಣ್ಣ ಕಿತ್ತು ತುಕ್ಕು ಶುರುವಾಗುತ್ತದೆ.

7. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ಪರೀಕ್ಷಿಸಿ.

ಜೀವಕ್ಕೇ ಕುತ್ತು ತರುವ ತಪ್ಪು ಯಾವುದು?

ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಮಲಗುವುದು. ಜಾಕ್ ಇರುವುದು ಎತ್ತಲು, ಎತ್ತಿದ್ದನ್ನು ಹಿಡಿದಿಡಲು ಅಲ್ಲ. ಹೈಡ್ರಾಲಿಕ್ ಜಾಕ್‌ನ ಸೀಲ್ ಸೋರಿದರೆ ಗಾಡಿ ಕುಸಿಯುತ್ತದೆ. ಇಟ್ಟಿಗೆ, ಹಾಲೋ ಬ್ಲಾಕ್ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಗಾಡಿಯ ತೂಕಕ್ಕೆ ತಕ್ಕ ಜಾಕ್ ಸ್ಟ್ಯಾಂಡ್ ಕೊಡದೆ ತಲೆಯನ್ನಾಗಲಿ ಕೈಯನ್ನಾಗಲಿ ಕೆಳಗೆ ಹಾಕಬೇಡಿ.

ವೆಲ್ಡಿಂಗ್ ಮಾಡಿಸಿದರೆ ಇನ್ನೂ ಗಟ್ಟಿಯಲ್ಲವೇ?

ಸರಿಯಾಗಿ ಮಾಡಿದರೆ ಗಟ್ಟಿಯೇ. ಆದರೆ ತಪ್ಪಾದ ಜಾಗದಲ್ಲಿ ಕಾಯಿಸಿದರೂ ಕೊರೆದರೂ ಚಾಸಿ ದುರ್ಬಲವಾಗುತ್ತದೆ. ಪಕ್ಕದಲ್ಲೇ ಇಂಧನದ ಪೈಪ್ ಇರಬಹುದು, ಕರೆಂಟ್ ಹರಿದು ಕಂಪ್ಯೂಟರ್ ಘಟಕ ಕೆಡಬಹುದು. ಇದು ಮನೆಯ ಅಂಗಳದ ಕೆಲಸವಲ್ಲ.

ಸತುವಿನ ಲೇಪನವಿರುವ ಪೈಪ್ ವೆಲ್ಡ್ ಮಾಡಿದಾಗ ಬರುವ ಬಿಳಿ ಹೊಗೆ ಕುಡಿದರೆ ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು ಬರುತ್ತದೆ. 'ಹಾಲು ಕುಡಿದರೆ ಇಳಿಯುತ್ತದೆ' ಎಂಬುದು ತಪ್ಪು ತಿಳಿವಳಿಕೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಲೇಪನವನ್ನು ಮೊದಲೇ ಉಜ್ಜಿ ತೆಗೆಯುವುದು, ಗಾಳಿಯಾಡುವ ಜಾಗ, ಸೂಕ್ತ ಮಾಸ್ಕ್, ಇವೇ ರಕ್ಷಣೆ. ಉಸಿರಾಟಕ್ಕೆ ತೊಂದರೆಯಾದರೆ ವೈದ್ಯರ ಬಳಿ ಹೋಗಿ.

ಪೊಲೀಸರು ದಂಡ ಹಾಕುತ್ತಾರೆಯೇ?

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಬಗ್ಗೆ. ಆದರೆ ಅದಕ್ಕೆ ಆಧಾರವಾದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವುದನ್ನೇ ತಡೆಯುತ್ತದೆ. ಹಾಗಾಗಿ 'ಸ್ಲೈಡರ್‌ಗೆ ಯಾವ ನಿಯಮವೂ ಇಲ್ಲ' ಎಂಬ ಮಾತು ನಂಬಿ ಹಣ ಹಾಕಬೇಡಿ. ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ.

ನೆನಪಿಡಿ: ಸ್ಲೈಡರ್ ಕಾಪಾಡುವುದು ಬಂಡೆಯಿಂದ ಬಾಗಿಲ ಕೆಳಭಾಗವನ್ನು. ಪಕ್ಕದಿಂದ ಡಿಕ್ಕಿಯಾದಾಗ ಒಳಗಿರುವವರನ್ನು ಕಾಪಾಡಲೆಂದು ಮಾಡಿದ ಸಾಧನ ಅದಲ್ಲ. ಆಫ್‌ರೋಡ್ ಹೋಗದವರಿಗೆ ಅದರ ಅಗತ್ಯವೂ ಇಲ್ಲ. ಈ ಲೇಖನದಲ್ಲಿ ಒಂದೇ ಮಾತು ಹಂಚಿಕೊಳ್ಳುವುದಾದರೆ ಜಾಕ್ ಸ್ಟ್ಯಾಂಡ್‌ನದ್ದನ್ನು ಹಂಚಿಕೊಳ್ಳಿ. ಪಂಕ್ಚರ್ ಹಾಕುವವರಿಗೂ ಅದು ಬೇಕು.