ಅಪ್ಪಾರ ಸ್ಪೂಲುಗಳು ದಾಟಿ ಬಂದ ದಾರಿ

ಗಂಗೂಬಾಯಿ ಹಾನಗಲ್ಲರ ದನಿ ಮೊದಲು ಬೇರೆಯೇ ಇತ್ತೆಂದರೆ ಇಂದಿನ ಹುಡುಗರು ಅರ್ಧ ನಂಬುತ್ತಾರೆ. 1930ರ ದಶಕದಲ್ಲಿ ಮುಂಬಯಿಯ ಎಚ್‌ಎಂವಿ ಹೊರತಂದ ಅವರ ಮೊದಲ ತಟ್ಟೆಗಳ ಮೇಲಿದ್ದ ಹೆಸರು ಗಾಂಧಾರಿ ಹಾನಗಲ್. ಅವುಗಳಲ್ಲಿ ಕೇಳುವುದು ಎಳೆಯ, ಎತ್ತರದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯಾದ ಮೇಲೆ ಅದು ತಗ್ಗಿ, ನಾವೆಲ್ಲ ಬಲ್ಲ ಗಂಭೀರ ಕಂಠವಾಯಿತು. ಆ ಮೊದಲ ದನಿಗೆ ಸಾಕ್ಷಿಯಾಗಿ ಉಳಿದಿರುವುದು ಬದಿಗೆ ಮೂರೇ ನಿಮಿಷ ಓಡುವ 78 ಆರ್‌ಪಿಎಂ ತಟ್ಟೆಗಳು, ಅವುಗಳಿಂದ ಯಾರ್‍ಯಾರೋ ಇಳಿಸಿಕೊಂಡ ಪ್ರತಿಗಳು.

ಅವರ ಹೆಸರಿನ ಗುರುಕುಲ ನಮ್ಮ ಉಣಕಲ್ಲಿನಲ್ಲೇ ಇದೆ. ಅಲ್ಲಿ ಸಂಗೀತ ಗುರುವಿನ ಎದುರು ಕೂತ ಶಿಷ್ಯನಿಗೆ ದಾಟುತ್ತದೆ. ನಮ್ಮ ಮನೆಯಲ್ಲಿ ಅದೇ ಸಂಗೀತ ಡಬ್ಬಿಯಿಂದ ಡಬ್ಬಿಗೆ ದಾಟುತ್ತ ಬಂದಿದೆ, ಆ ದಾಟುವಿಕೆಗೂ ಒಂದು ಚರಿತ್ರೆಯಿದೆ.

ಅಪ್ಪಾರು ಸ್ಪೂಲ್ ಟೇಪ್‌ರೆಕಾರ್ಡರ್ ಹೊತ್ತು ಕುಂದಗೋಳದ ನಾಡಿಗೇರ ವಾಡೆಗೆ ಹೋಗುತ್ತಿದ್ದರು. ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತಿತ್ತು. ಉಳಿದದ್ದನ್ನು ರೇಡಿಯೊದಿಂದ ಇಳಿಸಿಕೊಳ್ಳುತ್ತಿದ್ದರು. 1950ರ ಜನವರಿ 8ರಂದು ಶುರುವಾದ ಆಕಾಶವಾಣಿ ಧಾರವಾಡ ಕೇಂದ್ರದಿಂದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಮನೆಮನೆಗೆ ಬರುತ್ತಿದ್ದ ಕಾಲ. ಪ್ರತಿ ಸ್ಪೂಲಿಗೂ ವಹಿಯಲ್ಲಿ ಒಂದು ಸಾಲು: ರಾಗ, ತಾರೀಖು, ತಬಲಾ ಯಾರದು, ಹಾರ್ಮೋನಿಯಂ ಯಾರದು.

ಆಮೇಲೆ ಕ್ಯಾಸೆಟ್ಟು ಬಂತು. ಗೆಳೆಯರ ನಡುವೆ ಪ್ರತಿಯ ಪ್ರತಿ ಓಡಾಡಿತು, ಮೂರನೆಯ ಕೈಗೆ ಹೋಗುವಷ್ಟರಲ್ಲಿ ತಂಬೂರಿಗಿಂತ ಟೇಪಿನ ಸುಂಯ್ ಸಪ್ಪಳವೇ ಹೆಚ್ಚಾಗಿರುತ್ತಿತ್ತು. ಸಿ.ಡಿ.ಯ ಕಾಲ ಬೇಗ ಮುಗಿಯಿತು, ಈಗ ಸಂಗೀತವಿರುವುದು ಹಾರ್ಡ್ ಡಿಸ್ಕಿನಲ್ಲಿ.

ಡಿಸ್ಕಿನ ಕಥೆ ಹಳೆಯದು. 1956ರಲ್ಲಿ ಐಬಿಎಂ ಮಾರುಕಟ್ಟೆಗೆ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಸಿ.ಡಿ. ಗುಣಮಟ್ಟದ ಸಂಗೀತ ನಿಮಿಷಕ್ಕೆ ಸುಮಾರು 10 ಎಂಬಿ ಬೇಡುತ್ತದೆ. ಅಂದರೆ ಆಳೆತ್ತರದ ಆ ಯಂತ್ರದಲ್ಲಿ ಗಾಂಧಾರಿಯ ಒಂದು ಬದಿಯ ಕಾಲುಭಾಗವೂ ಕೂಡುತ್ತಿರಲಿಲ್ಲ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಒಂದು ಪ್ರಬಂಧ ಪ್ರಕಟಿಸಿದರು: ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವನ್ನು ಜೋಡಿಸಿ, ಒಂದು ಸತ್ತರೂ ಮಾಹಿತಿ ಉಳಿಯುವಂತೆ ಮಾಡಬಹುದು. ‘ರೇಡ್’ ಎಂಬ ಆ ಉಪಾಯವೇ ಮನೆಯ ಮೂಲೆಯಲ್ಲಿ ಗುಂಯ್‌ಗುಡುವ, ಡಿಸ್ಕುಗಳನ್ನು ಮನೆಯ ನೆಟ್‌ವರ್ಕಿಗೆ ಜೋಡಿಸುವ ನ್ಯಾಸ್ ಡಬ್ಬಿಯ ಜೀವ. ನಮ್ಮಲ್ಲಿ ಎರಡು ಡಿಸ್ಕು, ಒಂದರಲ್ಲಿರುವುದೇ ಇನ್ನೊಂದರಲ್ಲೂ. ಟೇಪು ವರ್ಷಗಟ್ಟಲೆ ಸವೆದು ಸುಳಿವು ಕೊಡುತ್ತದೆ. ಡಿಸ್ಕು ನಿನ್ನೆ ಹಾಡಿ ಇಂದು ಸುಮ್ಮನಾಗಬಹುದು. ಅದಕ್ಕೇ ಮೂರನೆಯ ಪ್ರತಿ ಧಾರವಾಡದಲ್ಲಿ ತಂಗಿಯ ಮನೆಯಲ್ಲಿದೆ. 2011ರಲ್ಲಿ ಥಾಯ್ಲೆಂಡಿನ ಪ್ರವಾಹಕ್ಕೆ ಕಾರ್ಖಾನೆಗಳು ಮುಳುಗಿ ಜಗತ್ತಿನಾದ್ಯಂತ ಡಿಸ್ಕಿನ ಬೆಲೆ ಏರಿದಾಗಲೂ ಆ ಪ್ರತಿಯ ಖರ್ಚು ಉಳಿಸುವ ಮನಸ್ಸಾಗಲಿಲ್ಲ.

ಡಬ್ಬಿ ಹಳತಾಗಿ ಹೊಸದು ತಂದಾಗ ಅಣ್ಣನ ಮಗ ಕೇಳಿದ: ‘ಕಾಕಾ, ಡಿಸ್ಕ್ ತಗದು ಹೊಸಾದ್ರಾಗ ಹಾಕಿದ್ರ ಮುಗೀತಲ್ರಿ?’

‘ಎರಡೂ ಒಂದ ಕಂಪನಿವಿದ್ರ ಆಗತಿತ್ತೋ ತಮ್ಮಾ.’

ಯಾವ ಡಿಸ್ಕು ಯಾವ ಜೋಡಿಯದು ಎಂಬ ಗುರುತು ಡಿಸ್ಕಿನ ಮೇಲೆಯೇ ಬರೆದಿರುತ್ತದೆ. ಒಂದೇ ಕಂಪನಿಯ, ಹೊಂದಿಕೆಯಾಗುವ ಡಬ್ಬಿ ಅದನ್ನು ಓದಿ ಜೋಡಿಯನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಬೇರೆ ಕಂಪನಿಯದಾದರೆ ಸಾಮಾನ್ಯವಾಗಿ ಮೊದಲು ಡಿಸ್ಕನ್ನು ಅಳಿಸಲು ಅನುಮತಿ ಕೇಳುತ್ತದೆ. ಆ ಗುಂಡಿ ಒತ್ತಿದರೆ ಕುಂದಗೋಳದ ರಾತ್ರಿಗಳು ಹೋದವು. ಆದ್ದರಿಂದ ಹೊಸ ಡಬ್ಬಿಗೆ ಹೊಸ ಡಿಸ್ಕು ಹಾಕಿ, ನಡುವೆ ನೆಟ್‌ವರ್ಕ್ ವೈರು ಜೋಡಿಸಿದೆವು. ಗಿಗಾಬಿಟ್ ವೈರಿನಲ್ಲಿ ಸೆಕೆಂಡಿಗೆ 110 ಎಂಬಿ ಹರಿದರೂ 4 ಟಿಬಿಗೆ ಹತ್ತು ತಾಸು ಬೇಕು. ನಡುವೆ ಕರೆಂಟು ಹೋಗಿ ಬಂತು. 1996ರಲ್ಲಿ ಆಸ್ಟ್ರೇಲಿಯಾದ ಟ್ರಿಜೆಲ್, ಮೆಕೆರಾಸ್ ಬರೆದ ‘ಆರ್‌ಸಿಂಕ್’ ಎಂಬ ತಂತ್ರಾಂಶ ದಾಟಿಹೋದ ಫೈಲುಗಳನ್ನು ಬಿಟ್ಟು ಉಳಿದವನ್ನಷ್ಟೇ ಸಾಗಿಸಿತು. ಆಮೇಲೆ ಎರಡೂ ಕಡೆಯ ಪ್ರತಿ ಫೈಲಿನ ಚೆಕ್‌ಸಮ್, ಅಂದರೆ ಅದರೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತುಸಂಖ್ಯೆ, ತಾಳೆ ನೋಡಿದೆವು. ಅದು ಮುಗಿಯುವತನಕ ಹಳೆಯ ಡಬ್ಬಿಯನ್ನು ಯಾರೂ ಮುಟ್ಟಕೂಡದು.

ದನಿ ಸುರಕ್ಷಿತವಾಗಿ ದಾಟಿತು, ಹೆಸರುಗಳು ದಾಟಲಿಲ್ಲ. ಅಪ್ಪಾರ ವಹಿಯನ್ನು ಹಿಂದೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿಸಿದ್ದೆ. ಆ ಫಾಂಟಿಲ್ಲದ ಕಡೆ ಅದು ಲ್ಯಾಟಿನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿ, ವಹಿಯೊಂದಿಗೆ ಸಾಲುಸಾಲು ತಾಳೆ ನೋಡುತ್ತಿದ್ದೇನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಕೆಲಸ. ತಬಲಾ ನುಡಿಸಿದವರ ಹೆಸರು ಕಳಚಿದರೆ ಅವರು ಆ ರಾತ್ರಿ ಅಲ್ಲಿದ್ದರೆಂದು ಹೇಳಲು ಬೇರೇನೂ ಇಲ್ಲ. ವಹಿಯ ಪ್ರತಿ ಪುಟದ ಫೋಟೊ ಕೂಡ ಆಯಾ ಸ್ಪೂಲಿನ ಫೋಲ್ಡರಿನಲ್ಲೇ ಇಟ್ಟಿದ್ದೇನೆ.

ಇನ್ನು ಒಂದೇ ಸ್ಪೂಲು ಬಾಕಿ. ಅಸಿಟೇಟ್ ಟೇಪು, ವಿನೆಗರಿನಂತೆ ಹುಳಿ ವಾಸನೆ ಬರತೊಡಗಿದೆ. ಆ ವಾಸನೆಯ ಸ್ಪೂಲು ನಿಮ್ಮ ಅಟ್ಟದಲ್ಲೂ ಇದ್ದರೆ ಉಳಿದವುಗಳಿಂದ ದೂರವಿಡಿ, ತಂಪಾದ ಒಣ ಜಾಗದಲ್ಲಿಡಿ, ಬಲ್ಲವರಿಂದ ಬೇಗ ಇಳಿಸಿಕೊಳ್ಳಿ. ಡಬ್ಬದ ಮೇಲಿನ ಚೀಟಿಯನ್ನು ಮಾತ್ರ ಕಿತ್ತೆಸೆಯಬೇಡಿ.