ನಲವತ್ತನಾಲ್ಕರ ಪಕ್ಕದ ಹನ್ನೆರಡು: ಬಹುಜೀನ್ ಅನುವಂಶೀಯತೆ ಮತ್ತು ಕರ್ನಾಟಕದ ಎರಡು ದಾಖಲೆಗಳು

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರದ ಕ್ಲಿನಿಕ್ಕುಗಳಲ್ಲಿ ಡಾಕ್ಟರು ಕೇಳುವ ಎರಡು ಪ್ರಶ್ನೆಗಳು ಎಲ್ಲರಿಗೂ ಪರಿಚಿತ. ಕಾಯಿಲೆಯ ಮಗುವನ್ನು ಎತ್ತಿಕೊಂಡು ಹೋದವರಿಗೆ, "ಸಂಬಂಧದಲ್ಲೇ ಮದುವೆನಾ?" ನಲವತ್ತು ದಾಟಿದವರಿಗೆ, "ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?" ಎರಡೂ ವಂಶವನ್ನು ವಿಚಾರಿಸುವ ಪ್ರಶ್ನೆಗಳೇ. ಆದರೆ ಮೊದಲನೆಯದು ಒಂಟಿ ಜೀನಿನಿಂದ ಬರುವ ಕಾಯಿಲೆಯನ್ನು ಹುಡುಕುತ್ತದೆ, ಎರಡನೆಯದು ನೂರಾರು ಜೀನುಗಳು ಕೂಡಿ ತರುವುದನ್ನು. ಮೊದಲನೆಯದರ ಬಗ್ಗೆ ನಮ್ಮ ನಾಡಿನಲ್ಲಿ ಗಟ್ಟಿ ಕೆಲಸ ನಡೆಯಿತು. ಎರಡನೆಯದು ಅದರ ನೆರಳಲ್ಲೇ ಉಳಿಯಿತು ಎಂಬುದು ಈ ಲೇಖನದ ವಾದ.

ರಾಜಾಜಿನಗರದಿಂದ ಯಶವಂತಪುರ ದಾಟಿದರೆ ಸಿಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಜೀವರಸಾಯನ ವಿಜ್ಞಾನಿ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆ ಕೈಗೊಂಡರು. ಹುಡುಕುತ್ತಿದ್ದದ್ದು ಅಮೈನೋ ಆಮ್ಲಗಳ ಏರುಪೇರನ್ನು. ಜೊತೆಗೆ ತಂದೆತಾಯಿಯ ನಂಟನ್ನೂ ಬರೆದುಕೊಂಡರು: ಸೋದರಮಾವನೇ? ಅತ್ತೆಯ ಮಗನೇ? ಹೊರಗಿನ ಸಂಬಂಧವೇ? ಹೀಗೆ 1980ರಿಂದ 89ರವರೆಗೆ ಬೆಂಗಳೂರು, ಮೈಸೂರುಗಳಲ್ಲಿ 1,07,518 ದಂಪತಿಗಳ ಲೆಕ್ಕ ಸಿಕ್ಕಿತು. ಹತ್ತರಲ್ಲಿ ಸುಮಾರು ಮೂರು ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು.

ಎ. ರಾಧಾ ರಮಾದೇವಿ, ಅಪ್ಪಾಜಿ ರಾವ್ ಮತ್ತು ಆ್ಯಲನ್ ಬಿಟಲ್ಸ್ 1987ರಲ್ಲಿ ಪ್ರಕಟಿಸಿದ ಪ್ರಬಂಧ ನನ್ನ ಮಟ್ಟಿಗೆ ಈ ಚರಿತ್ರೆಯ ಮುಖ್ಯ ದಾಖಲೆ. ಅಧ್ಯಯನಕ್ಕೆ ಒಳಗಾದವರು 407 ಶಿಶುಗಳು ಮತ್ತು ಮಕ್ಕಳು. ಅವರಲ್ಲಿ 63 ಮಂದಿಗೆ ಒಟ್ಟು 35 ಬಗೆಯ ಅನುವಂಶೀಯ ಕಾಯಿಲೆಗಳಿದ್ದವು. ಆ 63ರಲ್ಲಿ ಒಂಟಿ ಜೀನಿನ ದೋಷದವರು 44, ಡೌನ್ ಸಿಂಡ್ರೋಮ್ ಇದ್ದವರು 7, ಬಹುಜೀನ್ ಕಾಯಿಲೆಯವರು 12. ರಕ್ತಸಂಬಂಧದ ಸರಾಸರಿ ಪ್ರಮಾಣ, ಅಂದರೆ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಂಭವ, ಸಾಮಾನ್ಯ ಜನರಲ್ಲಿ 0.0271 ಇದ್ದರೆ ಅಧ್ಯಯನದ ಇಡೀ ಗುಂಪಿನಲ್ಲಿ 0.0414 ಇತ್ತು. ಅಕ್ಕನ ಮಗಳನ್ನು ಮದುವೆಯಾದವನ ಮಕ್ಕಳಲ್ಲಿ ಈ ಪ್ರಮಾಣ 0.125, ಮಾವನ ಅಥವಾ ಅತ್ತೆಯ ಮಕ್ಕಳನ್ನು ಮದುವೆಯಾದವರ ಮಕ್ಕಳಲ್ಲಿ 0.0625 ಎಂದರೆ ಅಂಕಿಗಳ ತೂಕ ತಿಳಿದೀತು.

44ರಲ್ಲಿ ಅನೇಕರ ಕಥೆ ನಮಗೆ ಗೊತ್ತಿರುವುದೇ. ಅಜ್ಜಿಯಲ್ಲಿ ಅಡಗಿದ್ದ ದೋಷಪೂರಿತ ಜೀನು ಸಂಬಂಧದ ಮದುವೆಯಿಂದಾಗಿ ತಾಯಿ, ತಂದೆ ಇಬ್ಬರ ಕಡೆಯಿಂದಲೂ ಒಂದೇ ಮಗುವನ್ನು ಸೇರುತ್ತದೆ, ಕಾಯಿಲೆ ಬಯಲಾಗುತ್ತದೆ. ನನ್ನ ಕಣ್ಣು ನಿಂತದ್ದು ಆ 12ರ ಮೇಲೆ.

ಬಹುಜೀನ್ ಎಂಬ ಕಲ್ಪನೆ ಹುಟ್ಟಿದ್ದು ಗೋಧಿಯ ಹೊಲದಲ್ಲಿ. ಸ್ವೀಡನ್ನಿನ ಹರ್ಮನ್ ನಿಲ್ಸನ್-ಎಲೆ 1909ರಲ್ಲಿ ಕೆಂಪು, ಬಿಳಿ ಗೋಧಿಗಳನ್ನು ಕೂಡಿಸಿದ ತನ್ನ ಪ್ರಯೋಗಗಳ ವಿವರ ಪ್ರಕಟಿಸಿದ. ಕೆಲವು ತಳಿಗಳ ಎರಡನೇ ಪೀಳಿಗೆಯಲ್ಲಿ 64ಕ್ಕೆ ಒಂದರಂತೆ ಮಾತ್ರ ಬಿಳಿ ಕಾಳಿನವು ಬಂದವು. ಉಳಿದ 63 ಕೆಂಪು, ಆದರೆ ಒಂದೇ ಕೆಂಪಲ್ಲ. ಮೂರು ಜೋಡಿ ಜೀನುಗಳು, ಪ್ರತಿಯೊಂದೂ ಒಂದಿಷ್ಟೇ ಬಣ್ಣ ಬೆರೆಸುತ್ತದೆ ಎಂದುಕೊಂಡು ಲೆಕ್ಕ ಹಾಕಿ: ಕಡುಗೆಂಪಿನದು ಒಂದು, ಬಿಳಿಯದು ಒಂದು, ನಟ್ಟನಡುವಿನ ಬಣ್ಣದವು 20. ಮೂರರ ಜಾಗದಲ್ಲಿ ಮುನ್ನೂರು ಜೋಡಿ ಇಟ್ಟರೆ ಬಣ್ಣದ ಮೆಟ್ಟಿಲುಗಳು ಕರಗಿ ಇಳಿಜಾರಾಗುತ್ತವೆ. ವಿಜಯನಗರದ ಯಾವುದೇ ಶಾಲೆಯ ಪ್ರಾರ್ಥನೆಯಲ್ಲಿ ಎತ್ತರದ ಪ್ರಕಾರ ನಿಂತ ಮಕ್ಕಳ ಸಾಲು ಆ ಇಳಿಜಾರೇ. ಎತ್ತರದಂಥ ಗುಣಗಳಿಗೆ ಮೆಂಡೆಲನ ನಿಯಮವೇ ಸಾಕೆಂದು 1918ರಲ್ಲಿ ಗಣಿತದಿಂದ ತೋರಿಸಿದವನು ರೊನಾಲ್ಡ್ ಫಿಶರ್.

ಸಂಬಂಧದ ಮದುವೆ ಇಂಥ ಗುಣಗಳನ್ನು ಮುಟ್ಟುವುದೇ ಇಲ್ಲವೆಂದಲ್ಲ. ಮೂರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 2015ರ ಒಂದು ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಮಾವನ ಅಥವಾ ಅತ್ತೆಯ ಮಕ್ಕಳನ್ನು ಮದುವೆಯಾದವರ ಮಕ್ಕಳ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಆದರೆ ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಹೊರಗಿನ ಸಂಬಂಧ ತಂದೆವೆಂದು ನೆಮ್ಮದಿಯಾಗಿರುವ ಮನೆಯಲ್ಲೂ ಬಿ.ಪಿ. ಮಾತ್ರೆ ತಲೆಮಾರಿನಿಂದ ತಲೆಮಾರಿಗೆ ಬರುವುದು ಇದಕ್ಕೇ.

ಆ 12ರಂಥ ಬಹುಜೀನ್ ಕಾಯಿಲೆಗಳ ಕಥೆ ಹೇಳುವ ದಾಖಲೆ ಇನ್ನೊಂದು ಕಡೆ ಇತ್ತು: ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರಿನವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ. ಅಲ್ಲಿ 1934ರಿಂದಲೇ ಪ್ರತಿ ಹೆರಿಗೆಗೂ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಯಾವ ಸಿದ್ಧಾಂತದ ಹಂಗೂ ಇಲ್ಲದೆ ದಿನಾ ಬರೆದ ಆ ಮೂರು ಅಂಕಿಗಳು ಅರವತ್ತು ವರ್ಷ ಕಾದಿದ್ದವು. ಅದೇ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಬರೆದವರಲ್ಲಿ ಕ್ಯಾರೋಲಿನ್ ಫಾಲ್, ಕಲ್ಯಾಣರಾಮನ್ ಕುಮಾರನ್, ಡೇವಿಡ್ ಬಾರ್ಕರ್ ಇದ್ದರು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ನೂರಕ್ಕೆ 11, 3.1 ಕೆ.ಜಿ. ಮೀರಿ ಹುಟ್ಟಿದವರಲ್ಲಿ 3. ಸಕ್ಕರೆ ಕಾಯಿಲೆಯ ಚಿತ್ರ ಇನ್ನೂ ವಿಚಿತ್ರ: 1998ರ ವರದಿಯಂತೆ ಅದು ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದವರಲ್ಲಿ. ಬಹುಜೀನ್ ಗುಣಕ್ಕೆ ಒಂಬತ್ತು ತಿಂಗಳ ಒಡಲೂ, ತಾಯಿ ಉಂಡ ಅನ್ನವೂ ಪಾಲುದಾರರು. ಹಾಗಾಗಿ "ಅಪ್ಪನಿಗಿತ್ತು, ನನಗೂ ಬಂತು" ಎನ್ನುವ ಮಾತು ಅರ್ಧ ಮಾತ್ರ ನಿಜ.

ನಿಜವಾದ ಆ ಅರ್ಧವನ್ನು ಜೀನುಗಳ ಲೆಕ್ಕದಿಂದಲೇ ಹಿಡಿಯುತ್ತೇವೆಂದು ಹೊರಟವರೂ ಇದ್ದಾರೆ. 54 ಲಕ್ಷ ಜನರ ಮಾಹಿತಿಯಿಂದ 2022ರಲ್ಲಿ ಎತ್ತರಕ್ಕೆ ಸಂಬಂಧಿಸಿದ 12,111 ಜೀನ್ ವ್ಯತ್ಯಾಸಗಳು ಸಿಕ್ಕವು. ಯುರೋಪಿನ ಮೂಲದವರಲ್ಲಿ ಕಾಣುವ ಎತ್ತರದ ಏರಿಳಿತದ ಸುಮಾರು ಶೇ. 40ರಷ್ಟನ್ನು ಅವು ವಿವರಿಸಿದರೆ, ಬೇರೆ ಮೂಲದವರಲ್ಲಿ ಶೇ. 10ರಿಂದ 20ರಷ್ಟನ್ನು ಮಾತ್ರ. ಆ ಲಕ್ಷಗಟ್ಟಲೆ ಜನರಲ್ಲಿ ಬಹುಪಾಲು ಯುರೋಪಿನವರೇ ಆಗಿದ್ದದ್ದು ಇದಕ್ಕೆ ಮುಖ್ಯ ಕಾರಣ. ಜೀನ್ ಅಂಕ ನೋಡಿ ಮುಂಬರುವ ಕಾಯಿಲೆ ಹೇಳುತ್ತೇವೆ ಎನ್ನುವ ಪರೀಕ್ಷೆಗಳಿಗೆ ಕೆಂಗೇರಿಯ ಮನೆಯವರು ಹಣ ಕಟ್ಟುವ ಮುನ್ನ ಇದನ್ನು ತಿಳಿದಿರಬೇಕು. 2020ರಲ್ಲಿ ಶುರುವಾಗಿ 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ಸಮನ್ವಯ ನಡೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಲ್ಲಿ. ಅಪ್ಪಾಜಿ ರಾವ್ ಶಿಶುಗಳ ರಕ್ತ ಪರೀಕ್ಷಿಸಿದ ಆವರಣವೂ ಅದೇ.

ಆ 10,000 ಜೀನೋಮುಗಳ ಪಕ್ಕದಲ್ಲಿ ಮಿಷನ್ ಆಸ್ಪತ್ರೆಯದರಂಥ ಪುಸ್ತಕವೂ ಬೇಕು. ತಾಯಿ ಕಾರ್ಡಿನಲ್ಲಿ ಬರೆದ ಹುಟ್ಟುತೂಕ ಮಗು ಶಾಲೆಗೆ ಸೇರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕಳೆದುಹೋಗಿರುತ್ತದೆ. ಅದನ್ನು ಜೋಪಾನ ಮಾಡಿದರೆ, "ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?" ಎಂದು ಕೇಳುವ ಡಾಕ್ಟರು, "ಹುಟ್ಟಿದಾಗ ಎಷ್ಟು ಕೆ.ಜಿ. ಇದ್ದಿರಿ?" ಎಂದೂ ಕೇಳಬಹುದು.