ಒರೆ, ಬಾರು ಮತ್ತು ಒಂದು ಹವ್ಯಾಸ

ಕಳೆದ ದಸರೆ ರಜೆಗೆ ಊರಿಗೆ ಹೋದಾಗ ನನ್ನ ಚೀಲದಲ್ಲಿ ಎರಡು ಚದರಡಿ ದಪ್ಪ ತೊಗಲು, ಮೇಣ ಹಚ್ಚಿದ ದಾರ, ಎರಡು ಮೊಂಡು ಸೂಜಿ ಮತ್ತು ಒಂದು ಆರಿ ಇದ್ದವು. ಅಡುಗೆಮನೆಯ ಹಳೆಯ ಚೂರಿಯೊಂದಕ್ಕೆ ಒರೆ ಹೊಲಿಯಬೇಕೆಂದು ಪಡಸಾಲೆಯಲ್ಲಿ ಎಲ್ಲ ಹರವಿಕೊಂಡು ಕೂತಿದ್ದೆ. ಅಪ್ಪ ಬಂದು ತೊಗಲನ್ನು ಎತ್ತಿ, ಬಗ್ಗಿಸಿ, ಮೂಸಿ ನೋಡಿದರು.

‘ಇದಕ್ಕ ರೊಕ್ಕ ಎಷ್ಟು ಕೊಟ್ಟಿ?’

ಹೇಳಿದೆ.

‘ಇದು ತಪ್ಪಲಿ ಅಂತ ನಿಮ್ಮಜ್ಜ ನನ್ನ ಸಾಲಿಗಿ ಹಾಕಿದ. ನೀ ಅದನ್ನ ರೊಕ್ಕ ಕೊಟ್ಟು ಕೊಂಡು ತಂದೀಯೇನೋ ತಮ್ಮಾ?’

‘ಇದು ಹವ್ಯಾಸ ಅಪ್ಪಾ’ ಎಂದೆ. ಅವರು ಮಾತಾಡದೆ ಎದ್ದು ಹೊರಗೆ ಹೋದರು.

ನಮ್ಮದು ಅಥಣಿ ಸೀಮೆ. ನನ್ನಜ್ಜ ಚಪ್ಪಲಿ ಹೊಲಿಯುತ್ತಿದ್ದ ಸಮಗಾರ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ನಾನು ಬೆಂಗಳೂರಿನಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ತೊಗಲಿನ ಕೆಲಸವನ್ನು ನಾನು ಅಜ್ಜನಿಂದ ಕಲಿಯಲಿಲ್ಲ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಕಲಿತದ್ದು ಹಾಸ್ಟೆಲ್ ಕೋಣೆಯಲ್ಲಿ, ಅಮೆರಿಕನ್ನರ ವಿಡಿಯೊ ಮತ್ತು ಪುಸ್ತಕಗಳಿಂದ. ಬೆಲ್ಟು, ಚಾಕುವಿನ ಒರೆ, ಪಿಸ್ತೂಲಿನ ಹೋಲ್‌ಸ್ಟರ್ ಇವೇ ಅವರ ಮೊದಲ ಪಾಠಗಳು. ನನ್ನ ಹತ್ತಿರ ಪಿಸ್ತೂಲು ಎಲ್ಲಿಂದ ಬರಬೇಕು? ನಾನು ಹೊಲಿದ ಒಂದೇ ಒಂದು ಹೋಲ್‌ಸ್ಟರನ್ನು ಎಲೆಕ್ಟ್ರಿಷಿಯನ್ ಗೆಳೆಯನೊಬ್ಬ ಇಕ್ಕಳ ಇಟ್ಟುಕೊಳ್ಳಲು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಾನೆ.

ಅಪ್ಪ ಎದ್ದು ಹೋದ ಮೇಲೆ ಆ ‘ಹವ್ಯಾಸ’ ಎಂಬ ಮಾತು ನನ್ನನ್ನು ಕಾಡತೊಡಗಿತು. ನಮ್ಮ ಊರಲ್ಲಿ ತಪ್ಪಿಸಿಕೊಳ್ಳಬೇಕಾಗಿದ್ದ ಕೆಲಸ ಇನ್ನೊಂದು ಕಡೆ ಬಿಡುವಿನ ವೇಳೆಯ ಸಂತೋಷ ಆದದ್ದು ಹೇಗೆ?

ಅಮೆರಿಕದಲ್ಲಿಯೂ ಇದು ಹವ್ಯಾಸವಾಗಿ ಶುರುವಾದದ್ದಲ್ಲ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಅದಕ್ಕೂ ಮೊದಲು ಸವಾರರ ದೊಡ್ಡ ಪಿಸ್ತೂಲುಗಳು ಕುದುರೆಯ ಜೀನಿನ ಮುಂಭಾಗದಲ್ಲಿ ತೂಗುತ್ತಿದ್ದವು. ಆಯುಧ ಚಿಕ್ಕದಾದಂತೆ ಅದು ಜೀನಿನಿಂದ ಮನುಷ್ಯನ ಸೊಂಟಕ್ಕೆ ಬಂತು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕು ಜನ ನುಗ್ಗಿದ ಕಾಲದಲ್ಲಿ ರಿವಾಲ್ವರಿನ ಮೈಗೆ ಅಂಟಿದಂತಿರುವ ಕಿರಿದಾದ ಹೋಲ್‌ಸ್ಟರುಗಳು ಬಂದವು. ಲೋಹದ ತೋಟಾಗಳು ಬಂದಾಗ ಅವನ್ನು ಸಿಕ್ಕಿಸಲು ಬೆಲ್ಟು ಅಗಲವಾಯಿತು. ಹೋಲ್‌ಸ್ಟರಿನ ಹಿಂದಿನ ಅಗಲ ಪಟ್ಟಿಯಲ್ಲಿ ಸೀಳು ಕೊಯ್ದು, ಅದರೊಳಗೇ ಚೀಲವನ್ನು ತೂರಿಸಿ ಕೂರಿಸುವ ‘ಮೆಕ್ಸಿಕನ್ ಲೂಪ್’ ಮಾದರಿ ಹುಟ್ಟಿತು. ಇವನ್ನೆಲ್ಲ ಮಾಡಿದವರು ಜೀನು ಹೊಲಿಯುವ ಕಸುಬುದಾರರು. ಅದು ಅವರ ಹೊಟ್ಟೆಪಾಡು. ನಮ್ಮ ಕಡೆ ಅಲಗಿಗೆ ಒರೆ, ಎತ್ತಿಗೆ ಬಾರು ಮಾಡಿದವರ ಹಾಗೆಯೇ.

ಹವ್ಯಾಸ ಹುಟ್ಟಿದ್ದು ಆಸ್ಪತ್ರೆಯಲ್ಲಿ. ರೋಗಿಗಳ ಕೈಗೂ ಮನಸ್ಸಿಗೂ ಕೆಲಸ ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತಾರೆ ಎಂಬ ನಂಬಿಕೆಯಿಂದ ಬೆಳೆದ ಚಿಕಿತ್ಸಾಕ್ರಮಕ್ಕೆ ಅಮೆರಿಕದಲ್ಲಿ 1917ರಲ್ಲಿ ಒಂದು ರಾಷ್ಟ್ರೀಯ ಸಂಘವೇ ಹುಟ್ಟಿತು. ಬುಟ್ಟಿ ಹೆಣೆಯುವುದು, ನೇಯುವುದು, ತೊಗಲಿನ ಕೆಲಸ ಇವೆಲ್ಲ ಅದರಲ್ಲಿ ಸೇರಿದವು. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ 1919ರಿಂದ ಚಪ್ಪಲಿ ರಿಪೇರಿಯವರಿಗೆ ಸಾಮಾನು ಮಾರುತ್ತಿದ್ದ ಅಂಗಡಿಯೊಂದಿತ್ತು. ಅದರ ಪಾಲುದಾರ ಡೇವ್ ಟ್ಯಾಂಡಿಯ ಮಗ ಚಾರ್ಲ್ಸ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ. ಆಸ್ಪತ್ರೆಗಳಲ್ಲಿ ಸೈನಿಕರು ತೊಗಲಿನ ಪರ್ಸು, ಬೆಲ್ಟು ಹೊಲಿಯುವುದನ್ನು ಕಂಡ ಅವನಿಗೆ, ಇವರು ಮನೆಗೆ ಹೋದ ಮೇಲೂ ಇದನ್ನು ಬಿಡಲಾರರು ಎಂದು ಹೊಳೆಯಿತು. ಯುದ್ಧ ಮುಗಿದ ಮೇಲೆ ಆ ಕಂಪನಿ ಹವ್ಯಾಸಿಗಳಿಗೆ ಬೇಕಾದ ತೊಗಲು, ಉಪಕರಣಗಳ ವ್ಯಾಪಾರಕ್ಕೆ ಇಳಿಯಿತು. ಅದೇ ಹೊತ್ತಿಗೆ ಟೀವಿಯಲ್ಲಿ ಕೌಬಾಯ್ ಕತೆಗಳ ಸುಗ್ಗಿ. ‘ಗನ್‌ಸ್ಮೋಕ್’ ಧಾರಾವಾಹಿ ಟೀವಿಗೆ ಬಂದದ್ದು 1955ರಲ್ಲಿ. ಕಂತುಗಳ ಮೊದಲಿಗೆ ನಾಯಕನ ಗುಂಡಿಗೆ ಬೀಳುವ ಪಾತ್ರದಲ್ಲಿದ್ದ ಆರ್ವೊ ಒಯಾಲಾ, ರಿವಾಲ್ವರ್ ಸರಕ್ಕನೆ ಹೊರಬರಲೆಂದು ಒಳಗೆ ಲೋಹದ ತಗಡು ಇಟ್ಟ ಹೋಲ್‌ಸ್ಟರುಗಳನ್ನು ಮಾಡಿದ. ಅಲ್ ಸ್ಟೋಲ್‌ಮನ್ ಎಂಬ ಕುಶಲಿ ಹೋಲ್‌ಸ್ಟರ್ ಮಾಡುವುದನ್ನು ಕಲಿಸಲೆಂದೇ ಒಂದು ಪುಸ್ತಕ ಬರೆದ. ಗುಮಾಸ್ತರು, ಮಾಸ್ತರರು, ರೈತರು ಸಂಜೆಗೆ ಗ್ಯಾರೇಜಿನಲ್ಲಿ ಕೂತು ತೊಗಲು ಕೊಯ್ಯತೊಡಗಿದರು. ಹೊಲಿದದ್ದಕ್ಕೆ ಅಕ್ಕಪಕ್ಕದವರು ಭೇಷ್ ಅಂದರೇ ಹೊರತು, ಅವರಲ್ಲಿ ಯಾರ ಜಾತಿಯನ್ನೂ ಯಾರೂ ಕೇಳಲಿಲ್ಲ.

ಇದೇ ವಸ್ತುಗಳಿಗೆ ನಮ್ಮ ದೇಶದಲ್ಲಿ ಬೇರೆಯದೇ ದಾರಿ. ಇಂದು ನಮ್ಮ ಪೊಲೀಸ್ ಅಧಿಕಾರಿಗಳ ಸಮವಸ್ತ್ರದಲ್ಲಿ ಸೊಂಟದಿಂದ ಹೆಗಲಿಗೆ ಅಡ್ಡ ಹಾಯುವ ಬಾರು ಕಾಣುತ್ತದಲ್ಲ, ಅದರ ಹೆಸರು ಸ್ಯಾಮ್ ಬ್ರೌನ್ ಬೆಲ್ಟ್. ಸ್ಯಾಮ್ಯುಯೆಲ್ ಬ್ರೌನ್ ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ. 1858ರ ಆಗಸ್ಟ್ 31ರಂದು ಪೀಲಿಭೀತ್ ಸಮೀಪ ನಡೆದ ಕಾಳಗದಲ್ಲಿ ಅವನ ಎಡಗೈ ಹೋಯಿತು. ಕತ್ತಿ ಹಿರಿಯುವಾಗ ಒರೆಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲದ್ದರಿಂದ, ಒರೆ ಅಲುಗದಂತೆ ಹೆಗಲಿನ ಬಾರು ಸೇರಿಸಿ ಬೆಲ್ಟು ಮಾಡಿಸಿಕೊಂಡನೆಂದು ಹೇಳುತ್ತಾರೆ. ಅಂತೂ ಅಲ್ಲೂ ಇಲ್ಲೂ ಗಾಯಗೊಂಡ ಸಿಪಾಯಿಯೇ ಈ ಕತೆಯ ನಾಯಕ.

ಹೊಲಿದ ಕೈಗಳ ವಿಷಯ ಮಾತ್ರ ಬೇರೆ. 1857ರ ದಂಗೆಯ ನಂತರ ಸೈನ್ಯಕ್ಕೆ ಬೇಕಾದ ಜೀನು, ಲಗಾಮು, ಬೆಲ್ಟುಗಳಿಗಾಗಿ ಸರ್ಕಾರ ಕಾನ್ಪುರದಲ್ಲಿ ಕಾರ್ಖಾನೆ ತೆರೆಯಿತು. ಕಾನ್ಪುರದ ತೊಗಲಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರಲ್ಲಿ ಚಮಾರ ಸಮುದಾಯದವರು ಬಹಳ. ಅಧಿಕಾರಿಯ ಹೆಗಲೇರಿದ ಬೆಲ್ಟು ಗೌರವದ ಗುರುತಾಯಿತು. ಅದನ್ನು ಹೊಲಿದವನ ಮುಟ್ಟು ಮೈಲಿಗೆಯಾಗಿಯೇ ಉಳಿಯಿತು. ಸಂಶೋಧನೆಗೆಂದು ನಾನು ತಿರುವಿಹಾಕುವ ಹಳೆಯ ಸರ್ಕಾರಿ ದಾಖಲೆಗಳಲ್ಲಿ ತೊಗಲಿನ ತೂಕ, ಬೆಲೆ, ಹಡಗಿಗೆ ಹೋದ ಸರಕು ಎಲ್ಲ ಸಿಗುತ್ತವೆ. ಹೊಲಿದವರು ಜಾತಿಯ ಹೆಸರಾಗಿ, ತಲೆಲೆಕ್ಕವಾಗಿ ಮಾತ್ರ ಸಿಗುತ್ತಾರೆ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಶರಣರು ಈ ಗಂಟನ್ನು ಬಿಚ್ಚಲು ನೋಡಿದ್ದರು. ಚಪ್ಪಲಿ ಹೊಲಿಯುವ ಹರಳಯ್ಯ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ ಆ ಸಭೆಯಲ್ಲಿ ಹಿರಿಯರಾಗಿ ಕೂತರು. ಹರಳಯ್ಯನ ಮಗನಿಗೂ ಬ್ರಾಹ್ಮಣ ಹುಟ್ಟಿನ ಮಧುವರಸನ ಮಗಳಿಗೂ ಮದುವೆಯಾದಾಗ ತೆತ್ತ ಬೆಲೆ ಏನೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ನನ್ನಂಥವನಿಗೆ ಇಂದು ಇದು ಹವ್ಯಾಸವಾಗಲು ಇನ್ನೊಂದು ಕಾರಣವಿದೆ. ನಾನು ಕೊಳ್ಳುವ ತೊಗಲಿಗೆ ಒಳ್ಳೆಯ ವಾಸನೆ. ಆದರೆ ತೊಗಲು ಹಾಗೆ ಹುಟ್ಟುವುದಿಲ್ಲ. ಸತ್ತ ದನದ ಚರ್ಮವನ್ನು ದಿನಗಟ್ಟಲೆ ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಒಳಮೈಯ ಮಾಂಸ ಹೆರೆಯಬೇಕು. ನಮ್ಮ ಕಡೆ ಆಮೇಲೆ ಅದನ್ನೇ ಚೀಲದಂತೆ ಹೊಲಿದು ತೂಗುಹಾಕಿ, ಒಳಗೆ ಜಾಲಿಚೆಕ್ಕೆ ಮತ್ತು ಅಳಲೆಕಾಯಿಯ ರಸ ತುಂಬುತ್ತಿದ್ದರು. ತಮಿಳುನಾಡಿನ ಕಡೆ ಆವರಿಕೆಯ ತೊಗಟೆ. ಹೀಗೆ ಹದವಾದ ತೊಗಲನ್ನು ನೆನೆಸಿ ಚೂರಿಯ ಮೇಲೆ ಒತ್ತಿದರೆ ಆ ಆಕಾರ ಹಿಡಿದು ಒಣಗುತ್ತದೆ. ಕ್ರೋಮಿನಲ್ಲಿ ಹದಮಾಡಿದ ಮೆತ್ತನೆಯ ತೊಗಲು ಹಾಗೆ ನಿಲ್ಲುವುದಿಲ್ಲ. ಈಗ ನಮಗೆ ಒರೆಗೂ ಬೆಲ್ಟಿಗೂ ತೊಗಲು ಬರುವುದು ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯ ಹದಗಾರಿಕೆಗಳಿಂದ. ಸುಣ್ಣದ ಹೊಂಡ, ನಾತ, ಅಂಗೈಯ ಬಿರುಕು ಎಲ್ಲ ಅಲ್ಲೇ ಉಳಿದು, ನನಗೆ ಕೊರಿಯರಿನಲ್ಲಿ ಬರುವುದು ಸುವಾಸನೆ ಮಾತ್ರ. ಬೇಜಾರಾದ ದಿನ ನಾನು ಆರಿಯನ್ನು ಡಬ್ಬಿಗೆ ಹಾಕಿ ಮುಚ್ಚಿಡಬಹುದು. ಅಜ್ಜನಿಗೆ ಅದು ಸಾಧ್ಯವಿರಲಿಲ್ಲ. ಸುಗ್ಗಿಗೆ ಸಿಗುವ ಆಯದ ಕಾಳಿಗಾಗಿ ವರ್ಷವಿಡೀ ಊರಿನ ಚಪ್ಪಲಿ, ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲ ಚೀಲ ಹೊಲಿಯಬೇಕಿತ್ತು. ಅಪ್ಪ ಹುಡುಗನಾಗಿದ್ದಾಗ ಸಂಜೆ ಅವರ ಪಕ್ಕ ಕೂತು ದಾರಕ್ಕೆ ಮೇಣ ಹಚ್ಚಿಕೊಟ್ಟು, ಮುಂಜಾನೆ ಶಾಲೆಗೆ ಹೋಗುವ ಮೊದಲು ಕೈಯನ್ನು ಬೂದಿ ಹಾಕಿ ತಿಕ್ಕಿಕೊಳ್ಳುತ್ತಿದ್ದರಂತೆ. ಇದನ್ನು ನನಗೆ ಹೇಳಿದವಳು ಅವ್ವ; ಅಪ್ಪ ಅಲ್ಲ.

ಕಾಲ ಬದಲಾಗಿಲ್ಲ ಎಂದೇನೂ ಅಲ್ಲ. ತೊಗಲಿನ ಕಸುಬಿನವರಿಗಾಗಿ 1976ರಲ್ಲಿ ಲಿಡ್ಕರ್ ಸ್ಥಾಪನೆಯಾಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ‘ಕೈಕಸುಬು’ ಎಂಬ ಮಾತಿಗೆ ಪೇಟೆಯಲ್ಲಿ ಬೆಲೆ ಬಂದಿದೆ. ಆದರೆ ಪೇಟೆಯ ಹುಡುಗನೊಬ್ಬ ತೊಗಲಿನ ಏಪ್ರನ್ ಕಟ್ಟಿಕೊಂಡು ಬೆಲ್ಟು ಹೊಲಿದರೆ ಕಲೆಗಾರ, ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೊಡೆಯಡಿ ಕೂತು ಅದೇ ಆರಿ ಹಿಡಿದವನು ಇನ್ನೂ ಬರೀ ಜಾತಿ. ಎರಡೂ ಕಡೆ ಕಾಲಿಟ್ಟವನು ನಾನು. ಹಾಸ್ಟೆಲಿನಲ್ಲಿ ನನ್ನ ಬೆಲ್ಟನ್ನು ಮೆಚ್ಚಿದವರಿಗೆ ಯೂಟ್ಯೂಬ್ ನೋಡಿ ಕಲಿತೆ ಎಂದು ಹೇಳುತ್ತಿದ್ದೆ. ಸುಳ್ಳಲ್ಲ. ಆದರೆ ಅಜ್ಜನ ಹೆಸರು ಹೇಳದೆ ಉಳಿದದ್ದಕ್ಕೆ ಅದೊಂದು ಅನುಕೂಲದ ನಿಜವಾಗಿತ್ತು.

ಆ ದಿನ ಊಟದ ಹೊತ್ತಿಗೆ ಅಪ್ಪ ಮರಳಿ ಬಂದರು. ನಾನು ಒರೆಯ ಎರಡು ಅಂಚುಗಳನ್ನು ಜೋಡಿಸಿ ತೂತು ಹಾಕುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ ನಿಂತರು.

‘ನಡುವ ಒಂದು ಸಣ್ಣ ಪಟ್ಟಿ ಇಡು. ಇಲ್ಲಂದ್ರ ಅಲಗು ದಾರ ಕಡಿತೈತಿ.’

ನಾನು ತಲೆಯೆತ್ತಿದೆ. ಅಮೆರಿಕನ್ ಪುಸ್ತಕಗಳಲ್ಲಿ ಅದಕ್ಕೆ ‘ವೆಲ್ಟ್’ ಎನ್ನುತ್ತಾರೆ. ಅಂದು ನಾನೇ ಮರೆತಿದ್ದೆ.

‘ಅದಕ್ಕ ನಮ್ಮಲ್ಲಿ ಏನಂತಾರ ಅಪ್ಪಾ?’

‘ಹೆಸರು ಏನ್ ಮಾಡ್ತಿ? ನಿಮ್ಮಜ್ಜ ಇಡ್ತಿದ್ದ’ ಎಂದು ಕೆಳಗೆ ಕೂತರು. ಉಳಿದ ತುಂಡಿನಿಂದ ಒಂದು ಪಟ್ಟಿ ಕೊಯ್ದು ಎರಡು ಅಂಚುಗಳ ನಡುವೆ ಇಟ್ಟರು. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಪ್ರತಿ ತೂತಿನಲ್ಲಿ ಎರಡೂ ಕಡೆಯಿಂದ ದಾಟಿಸಿ, ಎರಡೂ ಕೈಯಿಂದ ಒಮ್ಮೆಗೇ ಎಳೆದು ಬಿಗಿದರು. ಈ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಐವತ್ತು ವರ್ಷ ಬಿಟ್ಟ ಕೈ, ಮೊದಲ ನಾಲ್ಕು ಹೊಲಿಗೆ ಸೊಟ್ಟಗಾದವು. ಐದನೆಯದು ನನ್ನ ಹೊಲಿಗೆಗಿಂತ ನೇರವಾಗಿತ್ತು.

ಏಳೆಂಟು ಹೊಲಿದು ನನಗೆ ಕೊಟ್ಟು, ‘ನೀ ಮುಗಿಸು’ ಎಂದು ಎದ್ದು ಕೈ ತೊಳೆಯಲು ಹೋದರು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.